ಚಾಕಿ ಮನೆಯ ಡಬ್ಬ ಹುಡುಕಿದ ದಾರಿ

ನನ್ನ ಹೆಂಡತಿ ತೀರಿಹೋಗಿ ಏಳು ತಿಂಗಳಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಕುಣಿಗಲ್ ಕಡೆಯಿಂದ ಫೋನ್ ಬಂತು. ಮಾರ್ಕೋನಹಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಚಾಕಿ ಸಾಕುವ ಹೆಂಗಸು. ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದ ಮೇಲಿನ ಎಂಟು ಹತ್ತು ದಿನದ ಎಳೆತನಕ್ಕೆ ಚಾಕಿ ಎನ್ನುತ್ತಾರೆ. ಅಷ್ಟು ದಿನ ಒಂದೇ ಕಡೆ ಬೆಚ್ಚಗೆ, ತೇವದಲ್ಲಿ ಸಾಕಿ, ಆಮೇಲೆ ಸುತ್ತಮುತ್ತಲ ರೈತರಿಗೆ ಹಂಚುತ್ತಾರೆ. ಆ ಮನೆಯ ಶಾಖ ಮತ್ತು ತೇವ ನೋಡಿಕೊಳ್ಳುವ ಡಬ್ಬವನ್ನು ಮಾಡಿಕೊಟ್ಟವರು ನಾನು ಮತ್ತು ನನ್ನ ಹೆಂಡತಿ.

“ಅಣ್ಣ, ಡಬ್ಬ ತೇವ ತೋರುಸ್ತಿಲ್ಲ. ಬರೀ ಸೊನ್ನೆ ಅಂತದೆ,” ಅಂದರು.

ವೈರು ಅಲ್ಲಾಡಿಸಿ ನೋಡಿ, ಆಫ್ ಮಾಡಿ ಆನ್ ಮಾಡಿ ಎಂದೆಲ್ಲ ಹೇಳಿದೆ. ಎಲ್ಲ ಮಾಡಿದ್ದರು. ತೇವ ಅಳೆಯುವ ಸೆನ್ಸರ್ ಹೋಗಿತ್ತು.

“ಶುಕ್ರವಾರ ಬೆಳಿಗ್ಗೆ ಮೊಟ್ಟೆ ಒಡೀತವೆ ಅಣ್ಣ. ನಿಮ್ ಕೈಲಿ ಆಗ್ದಿದ್ರೆ ಬೇಜಾರ್ ಮಾಡ್ಕೊಳ್ದೆ ಹೇಳ್ಬುಡಿ. ನಮ್ ಯಜಮಾನ್ರು ಅದ್ಯಾವ್ದೋ ಕಂಪನಿ ಮಿಷನ್ ನೋಡ್ಕೊಂಡ್ ಬಂದವ್ರೆ. ಗುರುವಾರ ಸಾಯಂಕಾಲದೊಳ್ಗೆ ಸರಿ ಹೋಗ್ಲಿಲ್ಲ ಅಂದ್ರೆ ಇದನ್ನ ಬಿಚ್ಚಿ ಅದನ್ನೇ ಹಾಕುಸ್ಬುಡೋಣ ಅಂತವ್ರೆ.”

“ಗುರುವಾರ ಬರ್ತೀನಿ ಕಣಮ್ಮ,” ಎಂದೆ.

ಹೇಳಿದ ಮೇಲೆ ಸ್ಟೂಲಿನ ಮೇಲೆ ಕೂತೆ. ನಾವು ಮಾಡಿದ ಡಬ್ಬಗಳಲ್ಲಿ ಇನ್ನೂ ಓಡುತ್ತಿದ್ದದ್ದು ಅದೊಂದೇ. ಬೆಳ್ಳಾವಿ ಹತ್ತಿರದ್ದು ಸಿಡಿಲಿಗೆ ಸುಟ್ಟುಹೋಯಿತು. ಊರ್ಡಿಗೆರೆ ಕಡೆಯವರು ಚಾಕಿ ಸಾಕುವುದನ್ನೇ ಬಿಟ್ಟರು. ಇದನ್ನೂ ಬಿಚ್ಚಿಟ್ಟರೆ ಅವಳು ಕೂತು ಬರೆದ ಪ್ರೋಗ್ರಾಂ ಈ ಲೋಕದಲ್ಲಿ ಎಲ್ಲಿಯೂ ನಡೆಯುತ್ತಿರುವುದಿಲ್ಲ.

ನಾನು ಐಟಿಐ ಓದಿದವನು. ತುಮಕೂರಿನಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನನ್ನ ರಿಪೇರಿ ಅಂಗಡಿ. ಮೊದಲು ಟೀವಿ, ಆಮೇಲೆ ಮಿಕ್ಸಿ, ಯುಪಿಎಸ್, ಬಂದದ್ದೆಲ್ಲ. ಅವಳು ಗುಬ್ಬಿಯವಳು. ಡಿಪ್ಲೊಮಾ ಮಾಡಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. ಮದುವೆಯಾದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿಗೊಂದು ಮೇಜು ಹಾಕಿದೆ. ಮುಂದೆ ನಾನು ಸಾಲ್ಡರ್ ಹಿಡಿದು ಕೂರುತ್ತಿದ್ದೆ, ಹಿಂದೆ ಅವಳು ಲ್ಯಾಪ್‌ಟಾಪ್ ಮುಂದೆ. ನಡುವೆ ಒಂದು ಪರದೆ. ಆ ಪರದೆಯನ್ನು ಸರಿಸದೆಯೇ ನಾವು ದಿನವಿಡೀ ಮಾತಾಡುತ್ತಿದ್ದೆವು. ಗಿರಾಕಿ ಬಂದರೆ ಅವಳು ತಟ್ಟನೆ ಸುಮ್ಮನಾಗುವಳು, ಹೋದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುವಳು. “ಪಾಪ, ಆ ಮಿಕ್ಸಿಗೆ ಏನೂ ಆಗಿಲ್ಲ ಕಣ್ರೀ, ಆಯಮ್ಮ ಮುಚ್ಚಳ ಸರಿಯಾಗಿ ಹಾಕಿಲ್ಲ ಅಷ್ಟೆ” ಎಂದು ನೋಡದೆಯೇ ಹೇಳುತ್ತಿದ್ದಳು. ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ಹೆಚ್ಚು ಸಲ ಅವಳು ಹೇಳಿದ್ದೇ ಸರಿಯಿರುತ್ತಿತ್ತು.

ಮೊದಲ ಡಬ್ಬ ಮಾಡಿದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅದರೊಳಗೆ ಅಂಗೈಯಗಲದ ಒಂದು ಬೋರ್ಡು. ಅದೂ ಒಂದು ಕಂಪ್ಯೂಟರೇ, ಆದರೆ ಬೇರೆ ಜಾತಿಯ ಚಿಪ್ಪಿನದು. ಅದರ ಪ್ರೋಗ್ರಾಮನ್ನು ಅದರಲ್ಲೇ ಕೂತು ಬರೆದು ಕಂಪೈಲ್ ಮಾಡಲು, ಅಂದರೆ ಬರೆದದ್ದನ್ನು ಚಿಪ್ಪಿಗೆ ತಿಳಿಯುವ ಭಾಷೆಗೆ ತಿರುಗಿಸಲು ಹೋದರೆ ಅರ್ಧ ದಿನ ಹಿಡಿಯುತ್ತಿತ್ತು. ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಬೋರ್ಡಿಗೆ ಹಾಕುವುದು. ಇಲ್ಲಿ ಅಡುಗೆ ಮಾಡಿ ಅಲ್ಲಿಗೆ ಬುತ್ತಿ ಕೊಟ್ಟು ಕಳಿಸಿದ ಹಾಗೆ. ಅವಳು ಮೊದಲ ಸಲ ಹಾಗೆ ಮಾಡಿದಾಗ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಿತ್ತು, ಬೋರ್ಡಿನಲ್ಲಿ ಒಂದಕ್ಷರ ಓಡಲಿಲ್ಲ. ನಾನು ನನ್ನ ವೈರಿಂಗೇ ತಪ್ಪಿರಬೇಕೆಂದು ಎಲ್ಲ ಬಿಚ್ಚಿ ಹರಡಿಕೊಂಡೆ. ಒಳಗಿನಿಂದ ಜೋರಾಗಿ ನಗು ಕೇಳಿಸಿತು.

“ರೀ, ಬಿಚ್ಚಬೇಡಿ. ಉಪ್ಪಿನ ಕಥೆ ಇದು.”

“ಯಾವ ಉಪ್ಪು?”

“ಮದ್ವೆ ಆಗಿ ಬಂದ ಹೊಸ್ದರಲ್ಲಿ ನಾನು ಒಲೆ ಮುಂದೆ ನಿಂತ್ರೆ ಉಪ್ಪಿಗೆ ಅಂತ ಕೈ ತಾನಾಗೇ ಎಡಗಡೆ ಹೋಗೋದು. ಗುಬ್ಬಿ ಮನೇಲಿ ಉಪ್ಪಿನ ಜಾಡಿ ಎಡಗಡೆ. ನಿಮ್ಮನೇಲಿ ಎಡಗಡೆ ಇದ್ದಿದ್ದು ಸೋಡಾ ಡಬ್ಬ.”

ನೆನಪಾಯಿತು. ಆವತ್ತು ಹುಣಸೆ ಹುಳಿಯ ಸಾರು ನೊರೆ ಎದ್ದು ಒಲೆಯ ಮೇಲೆಲ್ಲ ಹರಿದಿತ್ತು. ನಮ್ಮಮ್ಮ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕಿದ್ದರು.

ಅವಳು ಪರದೆ ಸರಿಸಿ ಬಂದು ನನ್ನೆದುರು ಕೂತು ವಿವರಿಸಿದಳು. ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಲೆಕ್ಕ ಮಾಡಲು, ಪರದೆಯ ಮೇಲೆ ಗೆರೆ ಎಳೆಯಲು ಬೇರೆಯವರು ಬರೆದಿಟ್ಟ ತುಂಡುಗಳು ಇರುತ್ತವೆ. ಅವಕ್ಕೆ ಲೈಬ್ರರಿ ಎಂದು ಹೆಸರು. ಅವು ಎಲ್ಲಿವೆ ಎಂದು ದಾರಿ ಬರೆದುಕೊಡಬೇಕು. ಬರೆಯದಿದ್ದರೆ ಕಂಪೈಲರ್ ಅಭ್ಯಾಸಬಲದಿಂದ ಲ್ಯಾಪ್‌ಟಾಪಿನ ಗೂಡಿಗೇ ಕೈ ಹಾಕುತ್ತದೆ. ಅಲ್ಲಿರುವುದು ಲ್ಯಾಪ್‌ಟಾಪಿನ ಲೈಬ್ರರಿ. ಅದು ಬೋರ್ಡಿಗೆ ಆಗದು.

“ಅದಕ್ಕೆ ಆ ಮನೆಯ ಗೂಡನ್ನೇ ಒಂದು ನಕಲು ಮಾಡಿ ಇಲ್ಲಿಟ್ಕೋತೀನಿ. ಕೈ ಹಾಕೋದಾದ್ರೆ ಇದಕ್ಕೇ ಹಾಕು ಅಂತೀನಿ.”

ಬೋರ್ಡಿನ ಲೈಬ್ರರಿಗಳೆಲ್ಲದರ ನಕಲನ್ನು ಅವಳು ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟಳು. ಅದಕ್ಕೆ ಗುಬ್ಬಿ ಎಂದು ಹೆಸರು. ತವರಿಂದ ತಂದ ಟ್ರಂಕಿನ ಹಾಗೆ, ಈ ಮನೆಯಲ್ಲಿದ್ದರೂ ಈ ಮನೆಯದಲ್ಲ ಎಂದಳು.

ಡಬ್ಬ ಸಿದ್ಧವಾದರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆವು. ಅರ್ಧ ದಾರಿ ಅವಳ ತೊಡೆ, ಅರ್ಧ ದಾರಿ ನನ್ನದು. ಕುಣಿಗಲ್ಲಿನಲ್ಲಿ ಇಳಿದು ದೋಸೆ ತಿಂದು ಮುಂದಿನ ಬಸ್ಸಿಗೆ ಕಾಯುವಾಗ ಅವಳು ಡಬ್ಬದ ಮೇಲೆ ಕೈಯಿಟ್ಟೇ ಕೂತಿರುತ್ತಿದ್ದಳು. “ಯಾರೂ ಕದಿಯಲ್ಲ ಬಿಡೇ” ಎಂದರೆ, “ಕದಿಯೋದಲ್ಲ, ಯಾರಾದ್ರೂ ಇದರ ಮೇಲೆ ಕಾಫಿ ಲೋಟ ಇಟ್ಟಾರು” ಅನ್ನುತ್ತಿದ್ದಳು. ಅಂಥ ಪ್ರಯಾಣಗಳು ಮಾತಿಗೆ ತೆಗೆದುಕೊಳ್ಳುವಂಥವೇನಲ್ಲ. ಆದರೂ ಈಗ ಕಣ್ಣು ಮುಚ್ಚಿದರೆ ಬರುವುದು ಅವೇ.

ಸೋಮವಾರ ಮಧ್ಯಾಹ್ನ ಹೊಸ ಸೆನ್ಸರಿಗೆ ಹೇಳಿದೆ. ಹಳೆಯದರಂಥದ್ದು ಈಗ ಬರುವುದಿಲ್ಲ, ಬೇರೆ ನಮೂನೆಯದು ಮಾತ್ರ ಸಿಗುತ್ತದೆ ಎಂದರು. ಅಂದರೆ ಪ್ರೋಗ್ರಾಮಿನಲ್ಲಿ ಸ್ವಲ್ಪ ಬದಲಾಯಿಸಿ ಮತ್ತೆ ಕಂಪೈಲ್ ಮಾಡಲೇಬೇಕು. ಅವಳ ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಆನ್ ಆದರೆ ಹತ್ತು ನಿಮಿಷ, ಆಮೇಲೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅಷ್ಟರಲ್ಲೇ ಅವಳ ಫೋಲ್ಡರುಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡು ನನ್ನ ಲ್ಯಾಪ್‌ಟಾಪಿಗೆ ತಂದೆ. ಪ್ರೋಗ್ರಾಮಿನಲ್ಲಿ ಎಲ್ಲಿ ಕೈ ಹಾಕಬೇಕೆಂದು ಹುಡುಕುವುದು ಕಷ್ಟವಾಗಲಿಲ್ಲ. ‘ಸೆನ್ಸರ್ ಬೇರೆ ಆದರೆ ಈ ಮೂರು ಸಾಲು ಮಾತ್ರ’ ಎಂದು ಅವಳೇ ಬರೆದಿಟ್ಟಿದ್ದಳು. ಹೊಸ ಸೆನ್ಸರಿನ ಜೊತೆ ಕೊಟ್ಟ ಕಾಗದ ನೋಡಿ ಆ ಮೂರು ಸಾಲು ಬದಲಾಯಿಸಿದೆ. ಕಂಪೈಲ್ ಮಾಡಿದರೆ ಉದ್ದಕ್ಕೂ ತಪ್ಪುಗಳು. ಈ ಲೈಬ್ರರಿ ಹೊಂದುವುದಿಲ್ಲ, ಬಿಟ್ಟೆ ಎನ್ನುತ್ತಿತ್ತು ಕಂಪೈಲರ್. ಆ ಲೈಬ್ರರಿ ಹೊಂದುವುದಿಲ್ಲ, ಬಿಟ್ಟೆ. ಕೊನೆಗೆ ಯಾವುದೂ ಸಿಗಲಿಲ್ಲ. ಅದರ ಕೈ ಮತ್ತೆ ನಮ್ಮ ಮನೆಯ ಗೂಡಿಗೇ ಹೋಗುತ್ತಿತ್ತು. ಅದು ಗೊತ್ತಾಯಿತು, ಯಾಕೆ ಎಂದು ಗೊತ್ತಾಗಲಿಲ್ಲ.

ಅವಳಿಗೆ ಎಲ್ಲವನ್ನೂ ನೋಟ್ ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸವಿತ್ತು. ಕೊನೆಯ ತಿಂಗಳುಗಳಲ್ಲಿ ಅವಳು ಗುಬ್ಬಿಯಲ್ಲಿ ತಂಗಿಯ ಮನೆಯಲ್ಲಿದ್ದಳು. ಪುಸ್ತಕವೂ ಅಲ್ಲೇ ಉಳಿದಿತ್ತು. ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ನನ್ನ ನಾದಿನಿ ಬ್ಲೌಸ್ ಹೊಲಿಯುತ್ತಾಳೆ. ಹೋದಾಗ ಮಿಷನ್ ಮುಂದೆಯೇ ಕೂತಿದ್ದಳು.

“ಬನ್ನಿ ಭಾವ. ತಿಂಡಿ ಆಯ್ತಾ? ಇಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ.”

“ಆಯ್ತು. ನಿಮ್ಮಕ್ಕನ ನೋಟ್ ಬುಕ್ಕು ಬೇಕಿತ್ತಲ್ಲ.”

ಅವಳ ಕಾಲು ಪೆಡಲಿನ ಮೇಲೆ ನಿಂತಿತು. “ನೀಲಿ ರಟ್ಟಿಂದಾ? ಅಯ್ಯೋ ಭಾವ, ಬಯ್ಬೇಡಿ.”

ಮಿಷನ್ನಿನ ಡ್ರಾಯರಿನಿಂದಲೇ ತೆಗೆದುಕೊಟ್ಟಳು. ಹಿಂದಿನಿಂದ ತೆರೆದರೆ ಎದೆ, ಸೊಂಟ, ತೋಳು, ಬೆನ್ನಿನ ಇಳಿತ. ಹಾಳೆ ಹಾಳೆಯೂ ಗುಬ್ಬಿಯ ಹೆಂಗಸರ ಬ್ಲೌಸಿನ ಅಳತೆ.

“ಅಕ್ಕನ ಕಡೆ ಒಂದು ಗೆರೆ ಮುಟ್ಟಿಲ್ಲ. ಹಿಂದ್ಗಡೆಯಿಂದ ಬರ್ಕೊಂಡ್ ಬಂದಿದೀನಿ.”

“ಅವಳು ಇದ್ದಿದ್ರೆ ಸುಮ್ನೆ ಬಿಡ್ತಿದ್ಲಾ?”

“ಅವ್ಳೇ ಭಾವ ಕೊಟ್ಟಿದ್ದು. ಮಲಗಿದ್ಕಡೆಯಿಂದ್ಲೇ ನೋಡ್ತಿದ್ಲಲ್ಲ, ನಾನು ಅಳತೆನೆಲ್ಲ ಚೀಟೀಲಿ ಬರ್ದು ಕಳ್ಕೊಳ್ಳೋದ್ನ. ‘ಹಿಂದ್ಗಡೆ ನಿಂದು, ಮುಂದ್ಗಡೆ ನಂದು. ಮಧ್ಯದಲ್ಲಿ ಸಿಕ್ಕಿದಾಗ ಜಗಳ ಆಡೋಣ ಕಣೇ’ ಅಂದ್ಲು.”

ನಾನು ಮುಂದಿನಿಂದ ಹಾಳೆ ತಿರುವಿದೆ. ಅವಳ ಅಕ್ಷರ ಒಂದು ಕಡೆ ನಿಂತಿತ್ತು. ಅಲ್ಲಿಂದ ತಂಗಿಯ ಅಳತೆಗಳು ಶುರುವಾಗುವವರೆಗೆ ಹತ್ತು ಹನ್ನೆರಡು ಹಾಳೆ ಖಾಲಿ. ನಾದಿನಿ ಎದ್ದು ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದಳು. ನಾನೂ ಕಿಟಕಿಯ ಕಡೆ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಅವಲಕ್ಕಿ ಒಗ್ಗರಣೆ ತಂದಿಟ್ಟು, “ಪುಸ್ತಕ ಮಾತ್ರ ಒಯ್ಯಂಗಿಲ್ಲ ಭಾವ. ಮುಂದಿನ ವಾರ ಮೂರು ಮದ್ವೆ ಇದೆ. ಅಳತೆ ಇಲ್ಲ ಅಂದ್ರೆ ಗುಬ್ಬಿ ಅರ್ಧ ಊರು ನನ್ನ ಅಟ್ಟಿಸ್ಕೊಂಡ್ ಬರುತ್ತೆ” ಅಂದಳು. ಇಬ್ಬರೂ ನಕ್ಕೆವು. ಬೇಕಾದ ಹಾಳೆಗಳನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲೇ ಓದಲು ಶುರುಮಾಡಿದೆ. ಒಂದು ಕಡೆ ಬರೆದಿದ್ದಳು: ‘ಗುಬ್ಬಿಯನ್ನು ಪೆನ್ ಡ್ರೈವಿನಲ್ಲಿ ಒಯ್ಯಬೇಡಿ. ಚೀಟಿಗಳು ಉದುರುತ್ತವೆ. ಗಂಟು ಕಟ್ಟಿ ಒಯ್ಯಿರಿ.’ ಓದಿ ನನಗೆ ಕಿವಿ ಹಿಂಡಿಸಿಕೊಂಡ ಹಾಗಾಯಿತು. ಒಂದೊಂದು ಲೈಬ್ರರಿಗೂ ಎರಡು ಮೂರು ಹೆಸರಿರುತ್ತವೆ. ನಿಜವಾದ ಫೈಲು ಒಂದೇ. ಉಳಿದವು ‘ಅದು ಅಲ್ಲಿದೆ ನೋಡಿ’ ಎಂದು ತೋರಿಸುವ ಚೀಟಿಗಳು. ಪೆನ್ ಡ್ರೈವಿಗೆ ಅಂಥ ಚೀಟಿಗಳನ್ನು ಇಟ್ಟುಕೊಳ್ಳಲು ಬರುವುದಿಲ್ಲ. ನಾನು ತಂದ ಗುಬ್ಬಿಯಲ್ಲಿ ಸಾಮಾನಿತ್ತು, ಚೀಟಿ ಒಂದೂ ಇರಲಿಲ್ಲ. ಆ ಹೆಸರುಗಳನ್ನು ಹುಡುಕಿದ ಕಂಪೈಲರ್ ಅವು ಸಿಗದೆ ನಮ್ಮ ಗೂಡಿಗೆ ಕೈ ಹಾಕಿತ್ತು.

ಬುಧವಾರ ಅವಳ ಲ್ಯಾಪ್‌ಟಾಪ್ ಮೂರನೇ ಸಲಕ್ಕೆ ಆನ್ ಆಯಿತು. ಅವಳು ಬರೆದಿದ್ದಂತೆ ಇಡೀ ಗುಬ್ಬಿಯನ್ನು ಒಂದೇ ಫೈಲಾಗಿ ಗಂಟು ಕಟ್ಟಿ, ಅದನ್ನು ತಂದು ನನ್ನದರಲ್ಲಿ ಬಿಚ್ಚಿದೆ. ಚೀಟಿಗಳೆಲ್ಲ ಬಂದವು. ಇನ್ನೊಂದು ತೊಡಕಿತ್ತು. ಅವಳು ಬರೆದ ದಾರಿಗಳೆಲ್ಲ ಅವಳ ಹೆಸರಿನ ಫೋಲ್ಡರಿನಿಂದ ಶುರುವಾಗುತ್ತಿದ್ದವು, ಏಕೆಂದರೆ ಅದು ಅವಳ ಲ್ಯಾಪ್‌ಟಾಪ್. ನನ್ನದರಲ್ಲಿ ಇರುವುದು ನನ್ನ ಹೆಸರು. ದಾರಿಗಳನ್ನು ತಿದ್ದಬಹುದಿತ್ತು. ಕೈ ಬರಲಿಲ್ಲ. ಬದಲಿಗೆ ನನ್ನ ಲ್ಯಾಪ್‌ಟಾಪಿನಲ್ಲೇ ಅವಳ ಹೆಸರಿನ ಒಂದು ಫೋಲ್ಡರ್ ಮಾಡಿ, ಗುಬ್ಬಿಯನ್ನು ಅದರೊಳಗಿಟ್ಟೆ. ಅವಳು ಬರೆದದ್ದು ಅವಳು ಬರೆದ ಹಾಗೇ ಇರಲಿ ಎಂದು.

ಆಮೇಲೆ ನಾನು ಮಾಡಿದ್ದು ರಿಪೇರಿಯವನ ಬುದ್ಧಿ. ನಮ್ಮ ಕೆಲಸದಲ್ಲಿ ಮೀಟರಿನ ಎರಡು ಕಡ್ಡಿಗಳನ್ನು ವೈರಿನ ಎರಡು ತುದಿಗೆ ಮುಟ್ಟಿಸಿ ನೋಡುತ್ತೇವೆ. ಬೀಪ್ ಎಂದರೆ ವೈರು ಸರಿ. ಅನ್ನದಿದ್ದರೆ ಎಲ್ಲೋ ತುಂಡಾಗಿದೆ, ಕೂಡಿಸಬೇಕು. ಅದೇ ರೀತಿ ಅವಳು ಬರೆದ ಒಂದೊಂದು ದಾರಿಯನ್ನೂ ಹಿಡಿದು, ಆ ಜಾಗ ನನ್ನ ಲ್ಯಾಪ್‌ಟಾಪಿನಲ್ಲಿ ಇದೆಯೇ ಎಂದು ನೋಡುತ್ತಾ ಹೋದೆ. ಇದೆ, ಇದೆ, ಇದೆ. ಒಂದು ಮಾತ್ರ ಇರಲಿಲ್ಲ. ಗೆರೆ ಎಳೆಯುವ ಲೈಬ್ರರಿಯ ದಾರಿ. ಅದರಲ್ಲಿ ಅವಳ ಹೆಸರೂ ಇಲ್ಲ, ಗುಬ್ಬಿಯೂ ಇಲ್ಲ. ‘ಆಪ್ಟ್’ ಎಂದು ಶುರುವಾಗಿ ‘ಚಾಕಿ’ ಎಂಬ ಫೋಲ್ಡರಿಗೆ ಹೋಗುತ್ತಿತ್ತು. ಅಂಥ ಫೋಲ್ಡರ್ ಲ್ಯಾಪ್‌ಟಾಪಿನಲ್ಲಿ ಎಲ್ಲೂ ಇಲ್ಲ. ತುಂಡಾದ ವೈರು ಸಿಕ್ಕಿತು ಎಂದುಕೊಂಡೆ. ಅವಳೂ ಒಮ್ಮೊಮ್ಮೆ ಮರೆಯುತ್ತಿದ್ದಳಲ್ಲ ಎಂದು, ಆ ದಾರಿಯನ್ನು ಅಳಿಸಿ, ಗುಬ್ಬಿಯೊಳಗೆ ಆ ಲೈಬ್ರರಿ ಎಲ್ಲಿದೆಯೋ ಆ ಜಾಗಕ್ಕೆ ಕೂಡಿಸಿದೆ. ಕಂಪೈಲ್ ಮಾಡಿದೆ. ಒಂದೂ ತಪ್ಪಿಲ್ಲದೆ ಮುಗಿಯಿತು.

ಹೊಸ ಸೆನ್ಸರ್ ಸ್ವಲ್ಪ ದೊಡ್ಡದು. ಅದಕ್ಕೆ ತಗಡಿನ ಮುಚ್ಚಳದಲ್ಲಿ ಬೇರೆ ತೂತು ಬೇಕಿತ್ತು. ನಮ್ಮ ಡಬ್ಬಗಳನ್ನೆಲ್ಲ ಮಾಡಿಕೊಟ್ಟವರು ಪಕ್ಕದ ಬೀದಿಯ ಭಾಯಿ, ಬೀರು ಟ್ರಂಕು ಮಾಡುವವರು. ಹೊಸ ಮುಚ್ಚಳ ಕೊರೆದು ಕೊಟ್ಟು, ನಾನು ನೋಡದೆಯೇ ಚೀಲಕ್ಕೆ ಹಾಕಿಕೊಂಡದ್ದನ್ನು ಕಂಡು ಬೇಜಾರು ಮಾಡಿಕೊಂಡರು.

“ಏನ್ ಸಾರ್, ಸ್ಕೇಲ್ ಇಟ್ಟು ನೋಡಲ್ವಾ? ಅಮ್ಮಾವ್ರು ಒಂದು ನೂಲಷ್ಟು ಆಚೆ ಈಚೆ ಆದ್ರೂ ವಾಪಸ್ ಕಳ್ಸೋರು. ‘ಭಾಯ್, ಇದು ಟ್ರಂಕಲ್ಲ’ ಅನ್ನೋರು. ನೀವು ಕೊಟ್ಟಿದ್ದೆಲ್ಲ ಸರಿ ಅಂತ ತಗೊಂಡ್ ಹೋಗ್ತೀರಿ.”

“ನೀವು ಕರೆಕ್ಟಾಗೇ ಮಾಡಿರ್ತೀರ ಬಿಡಿ ಭಾಯ್.”

“ಅದೇ ನಾನು ಹೇಳೋದು. ಕರೆಕ್ಟಾಗಿ ಮಾಡೋ ಹಂಗೆ ಮಾಡ್ಸಿದ್ದು ಅವ್ರು.”

ಅವರೇ ಸ್ಕೇಲ್ ತಂದು, ಚೀಲದಿಂದ ಮುಚ್ಚಳ ತೆಗೆಸಿ, ನನ್ನೆದುರು ಅಳೆದು ತೋರಿಸಿ ಕಳಿಸಿದರು.

ಗುರುವಾರ ಮೊದಲ ಬಸ್ಸಿಗೇ ಹೊರಟೆ. ಚಾಕಿ ಮನೆಯನ್ನು ತೊಳೆದು ಬ್ಲೀಚಿಂಗ್ ಹೊಡೆದಿದ್ದರು. ಬಾಗಿಲಲ್ಲಿ ಔಷಧಿ ನೀರಿನ ಗೋಣಿಚೀಲ. ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಟ್ರೇಗಳು ಒಂದರ ಮೇಲೊಂದು ಕಾದಿದ್ದವು. ಮೊಟ್ಟೆಗಳನ್ನು ಕಪ್ಪು ಬಟ್ಟೆ ಮುಚ್ಚಿ ಕತ್ತಲಲ್ಲಿ ಇಟ್ಟಿದ್ದರು. ಹೊರಗಿನ ಜಗಲಿಯ ಮೇಲೆ ಅವರ ಅತ್ತೆ ಕೂತಿದ್ದರು. ನಾನು ಬಂದದ್ದು ನೋಡಿ ಸೊಸೆಗೆ ಕೇಳುವಂತೆ ಹೇಳಿದರು.

“ನಾವು ಗೋಣಿತಾಟು ನೆನೆಸಿ ಕಟ್ತಿದ್ವಿ ಕಣವ್ವ. ಯಾವ ಡಬ್ಬಾನೂ ಇರ್ಲಿಲ್ಲ. ಹುಳ ಏನ್ ನಮ್ಮ ಹೆಸರೇಳಿ ಸಾಯ್ತಿದ್ವಾ?”

“ಆಗ ನೀವು ರಾತ್ರಿಯೆಲ್ಲ ಎದ್ದಿರ್ತಿದ್ರಿ ಅತ್ತೆ. ಈಗ ಒಂಬತ್ತು ಗಂಟೆಗೇ ಗೊರ್ಕೆ ಹೊಡೀತೀರ.”

ಹೊಸ ಸೆನ್ಸರ್ ಕೂರಿಸಿದೆ. ಡಬ್ಬದ ಒಳಗೆ ಉಗುರಗಲದ ಮೆಮೊರಿ ಕಾರ್ಡಿದೆ. ಪ್ರೋಗ್ರಾಂ, ಲೈಬ್ರರಿ ಎಲ್ಲ ಇರುವುದು ಅದರಲ್ಲಿ. ಅದಕ್ಕೆ ಹೊಸ ಪ್ರೋಗ್ರಾಂ ಹಾಕಿ ಆನ್ ಮಾಡಿದೆ. ಸಣ್ಣ ಪರದೆಯ ಮೇಲೆ ಬಿಳಿ ಅಕ್ಷರದ ಎರಡು ಸಾಲು ಬಂದು ನಿಂತಿತು. ಇಂಥ ಲೈಬ್ರರಿಯನ್ನು ಇಂಥ ಜಾಗದಲ್ಲಿ ಹುಡುಕಿದೆ, ಇಲ್ಲ ಎಂದಿತ್ತು. ಆ ಜಾಗದ ಮೊದಲಲ್ಲಿ ಅವಳ ಹೆಸರಿತ್ತು.

ತಿಂಗಳುಗಳಿಂದ ಅವಳ ಹೆಸರನ್ನು ನಾನು ಕಾಗದಪತ್ರಗಳಲ್ಲಿ ಮಾತ್ರ ನೋಡಿದ್ದೆ. ಅವುಗಳಲ್ಲಿ ಹೆಸರಿನ ಮುಂದೆ ದಿವಂಗತ ಎಂದು ಇರುತ್ತಿತ್ತು. ಇಲ್ಲಿ ಬರೀ ಹೆಸರು. ಕುಣಿಗಲ್ ತಾಲ್ಲೂಕಿನ ಒಂದು ಚಾಕಿ ಮನೆಯಲ್ಲಿ ಒಂದು ಡಬ್ಬ ಅವಳನ್ನು ಹುಡುಕಿ, ಸಿಗಲಿಲ್ಲ ಎಂದು ನಿಂತಿತ್ತು.

“ಏನಂತದೆ ಅಣ್ಣ?” ಅಂದರು ಆಕೆ, ಪರದೆಯ ಕಡೆ ಬಾಗಿ.

“ಲೈಬ್ರರಿ ಸಿಗ್ತಿಲ್ಲ ಅಂತಿದೆ.”

“ಲೈಬ್ರರಿ ಕುಣಿಗಲ್ಲಲ್ಲೈತೆ ಕಣಪ್ಪ,” ಅಂದರು ಅತ್ತೆ ಜಗಲಿಯಿಂದ. “ಈ ಹಳ್ಳೀಲಿ ಹುಡುಕುದ್ರೆ ಸಿಕ್ಕದಾ?”

ನನಗೆ ನಗು ಬಂತು. ಪರಿಹಾರ ಸುಲಭವಾಗಿಯೇ ಕಾಣಿಸಿತು. ಡಬ್ಬ ಆ ಜಾಗದಲ್ಲಿ ಹುಡುಕುತ್ತಿದೆ ಎಂದರೆ ಆ ಜಾಗವನ್ನೇ ಅಲ್ಲಿ ಮಾಡಿಕೊಟ್ಟರಾಯಿತು. ಕಾರ್ಡಿನಲ್ಲಿ ಅವಳ ಹೆಸರಿನ ಫೋಲ್ಡರ್ ಮಾಡಿದೆ. ಅದರೊಳಗೆ ಗುಬ್ಬಿ. ಅದರೊಳಗೆ ಲೈಬ್ರರಿ. ಮತ್ತೆ ಆನ್ ಮಾಡಿದೆ. ಪರದೆ ಬೆಳಗಿತು. ಶಾಖ ಇಷ್ಟು, ತೇವ ಇಷ್ಟು ಎಂದು ಎಣಿಸತೊಡಗಿತು. ತೇವ ಸಾಲದೆಂದು ನೀರು ಚಿಮ್ಮಿಸುವ ಮೋಟಾರ್ ತಾನೇ ಶುರುವಾಯಿತು.

“ಆಯ್ತಲ್ಲಣ್ಣ!” ಎಂದು ಆಕೆ ಯಜಮಾನರಿಗೆ ಫೋನ್ ಮಾಡಿ, ಆ ಕಂಪನಿಯವರಿಗೆ ಬೇಡ ಎಂದು ಹೇಳಲು ಹೇಳಿದರು. ಕಾಫಿ ಬಂತು. ನಾನು ಜಗಲಿಯಲ್ಲಿ ಕೂತು ಕುಡಿದೆ. ಅವಳ ಹೆಸರು ಆ ಡಬ್ಬದ ಒಳಗೆ ಸೇರಿತಲ್ಲ ಎಂದು ನನಗೆ ಸಮಾಧಾನವಾಗಿತ್ತು. ಯಾರಿಗೂ ಕಾಣಿಸುವುದಿಲ್ಲ, ಆದರೂ ಇದೆ. ಅಂಥದ್ದೊಂದು ಏರ್ಪಾಡು ನನ್ನ ಕೈಯಲ್ಲಿ ತಾನಾಗಿಯೇ ಆಯಿತು ಎಂದು ಕೂಡ ಅನ್ನಿಸಿತು.

ಲೋಟ ತೆಗೆದುಕೊಳ್ಳಲು ಬಂದ ಆಕೆಯ ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಡಬ್ಬಿಯಿತ್ತು.

“ಇದಕ್ಕೂ ಹೊಸದು ಹಾಕ್ಕೊಟ್ಬುಡಿ ಅಣ್ಣ.”

ಇನ್ನೊಂದು ಮೆಮೊರಿ ಕಾರ್ಡು. “ಇದೆಲ್ಲಿ ಬಂತಮ್ಮ?”

“ಅಕ್ಕ ಕೊಟ್ಟಿದ್ದು. ಒಂದ್ಸಲ ಹುಳ ಇದ್ದಾಗ ಕಾರ್ಡು ಕೆಟ್ಟೋಗಿ ನೀವು ಬರೋ ಹೊತ್ಗೆ ಅರ್ಧ ದಿನ ಆಯ್ತಲ್ಲ. ಆವತ್ತು ಎಷ್ಟೋ ಹುಳ ಹೋದ್ವು. ಆಮೇಲೆ ಅಕ್ಕ ಇದನ್ನ ಮಾಡ್ಕೊಟ್ರು. ‘ಕೆಟ್ರೆ ಅದನ್ನ ತೆಗ್ದು ಇದನ್ನ ಹಾಕಿ. ಯಾವಾಗ್ಲೂ ನಮ್ಮನ್ನ ಕಾಯ್ಬೇಡಿ’ ಅಂದ್ರು. ಹೊಸಾ ಪ್ರೋಗ್ರಾಂ ಬಂದ್ರೆ ಎರಡಕ್ಕೂ ಹಾಕುಸ್ಕೊಳ್ಳಿ ಅಂತಾನೂ ಹೇಳವ್ರೆ.”

ಇದು ನನಗೆ ಗೊತ್ತಿರಲಿಲ್ಲ. ಆ ಕಾರ್ಡಿಗೂ ಹೊಸ ಪ್ರೋಗ್ರಾಂ ಹಾಕಿ ಡಬ್ಬಕ್ಕೆ ಕೂರಿಸಿದೆ. ಅದೇ ಎರಡು ಸಾಲು, ಅದೇ ಹೆಸರು, ಇಲ್ಲ. ಅದರಲ್ಲೂ ಒಂದು ಫೋಲ್ಡರ್ ಮಾಡಿಬಿಡಬಹುದಿತ್ತು. ನಾಳೆ ಇದು ಸವೆದು ಮೂರನೆಯದು ಬಂದರೆ? ಅದರಲ್ಲಿ ಅವಳ ಹೆಸರು ಮಾಡಿಕೊಡಲು ಮತ್ತೆ ನಾನೇ ಬರಬೇಕು. ನಾನು ಬಸ್ಸಿಳಿದು ಬರುವಷ್ಟರಲ್ಲಿ ಟ್ರೇಗಳಲ್ಲಿ ಹುಳು ಒಣಗುತ್ತಿರುತ್ತವೆ.

ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಫೋನಿನಲ್ಲಿದ್ದ ಹಾಳೆಗಳನ್ನು ಮತ್ತೆ ಮೊದಲ ಸಾಲಿನಿಂದ ಓದಿದೆ. ಬಸ್ಸಿನಲ್ಲಿ ಓದುವಾಗ ನಾನು ಗಮನಿಸದೆ ಬಿಟ್ಟ ಒಂದು ಸಾಲು ಪುಟದ ಮೇಲ್ತುದಿಯಲ್ಲಿತ್ತು: ‘ದಾರಿ ಬರೆಯುವ ಮೊದಲು ಕೇಳಿಕೊಳ್ಳಬೇಕು, ಯಾವ ಮನೆಯದು? ಕಂಪೈಲ್ ಮಾಡುವಾಗ ಹುಡುಕುವುದು ನಮ್ಮ ಮನೆಯಲ್ಲಿ. ಓಡುವಾಗ ಹುಡುಕುವುದು ಅವರ ಮನೆಯಲ್ಲಿ.’

ಅವಳು ಯಾವುದನ್ನೂ ಮರೆತಿರಲಿಲ್ಲ. ಆ ಆಪ್ಟ್ ದಾರಿ ನಮ್ಮ ಮನೆಯದಾಗಿರಲೇ ಇಲ್ಲ. ಓಡುವಾಗ ಡಬ್ಬ ತನ್ನ ಮನೆಯಲ್ಲಿ ಎಲ್ಲಿ ಹುಡುಕಬೇಕು ಎಂದು ಅವಳು ಬರೆದಿದ್ದ ವಿಳಾಸ ಅದು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲದಿರುವುದೇ ಸರಿ. ಎರಡೂ ಕಾರ್ಡುಗಳನ್ನು ತೆರೆದು ನೋಡಿದೆ. ಎರಡರಲ್ಲೂ ಆಪ್ಟ್ ಒಳಗೆ ಚಾಕಿ ಎಂಬ ಫೋಲ್ಡರ್, ಅದರೊಳಗೆ ಆ ಲೈಬ್ರರಿ. ಯಾರು, ಯಾವ ಕಾರ್ಡು ಹಾಕಿದರೂ ಸಿಗುವ ಜಾಗ. ಬೀಪ್ ಅನ್ನಲಿಲ್ಲವೆಂದು ನಾನು ಕತ್ತರಿಸಿ ತೆಗೆದದ್ದು ಆ ವೈರನ್ನು.

ಸಾಲನ್ನು ಮೊದಲಿದ್ದಂತೆ ಬರೆದೆ. ಜಗಲಿಯ ಮೇಲೇ ಕಂಪೈಲ್ ಮಾಡಿದೆ. ಅತ್ತೆ ಪಕ್ಕದಲ್ಲಿ ಕೂತು ಅಕ್ಷರಗಳು ಓಡುವುದನ್ನು ನೋಡುತ್ತಾ, “ಎಷ್ಟೊಂದ್ ಬರೀತದಪ್ಪ” ಅಂದರು. ಇನ್ನು ಮೊದಲ ಕಾರ್ಡಿನಲ್ಲಿದ್ದ ಅವಳ ಹೆಸರಿನ ಫೋಲ್ಡರ್ ಅಳಿಸಬೇಕಿತ್ತು. ಇದ್ದರೂ ತೊಂದರೆಯಿಲ್ಲ, ಯಾರೂ ಅಲ್ಲಿಗೆ ಹೋಗಿ ನೋಡುವುದಿಲ್ಲ. ಬಿಟ್ಟುಬಿಡೋಣ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಆದರೆ ಅದು ಇರುವವರೆಗೂ ಪ್ರೋಗ್ರಾಂ ನಿಜವಾಗಿ ಸರಿಯಾದ ಜಾಗದಲ್ಲೇ ಹುಡುಕುತ್ತಿದೆಯೇ ಎಂದು ನನಗೆ ಖಾತ್ರಿಯಾಗುವುದಿಲ್ಲ. ಅಳಿಸಿದೆ. ಆ ಯಂತ್ರ ಅಳಿಸಲೇ ಎಂದು ಒಂದು ಮಾತೂ ಕೇಳಲಿಲ್ಲ. ಗುಂಡಿ ಒತ್ತಿದೆ, ಮುಂದಿನ ಸಾಲು ಬಂತು.

ಎರಡೂ ಕಾರ್ಡುಗಳಿಗೆ ಹಾಕಿ, ಒಂದಾದ ಮೇಲೊಂದು ಓಡಿಸಿ ನೋಡಿದೆ. ಎರಡೂ ಓಡಿದವು. ಎರಡನೆಯದನ್ನು ಡಬ್ಬಿಯಲ್ಲಿಟ್ಟು ಆಕೆಯ ಕೈಗೆ ಕೊಟ್ಟು, ಹೇಗೆ ಬದಲಾಯಿಸಬೇಕೆಂದು ಹೇಳಹೊರಟರೆ, ಆಕೆಯೇ ತೆಗೆದು ಹಾಕಿ ತೋರಿಸಿದರು. ಅವಳು ಕಲಿಸಿದ್ದಳು.

ಶುಕ್ರವಾರ ಮೊಟ್ಟೆ ಒಡೆದವು ಎಂದು ಫೋನ್ ಬಂತು. ಆಮೇಲೆ ಎರಡು ದಿನ ಸುದ್ದಿಯಿಲ್ಲ. ನಾನೂ ಮಾಡಲಿಲ್ಲ. ಸೋಮವಾರ ಮಧ್ಯಾಹ್ನ ಒಂದು ಯುಪಿಎಸ್ ಬಿಚ್ಚಿಕೊಂಡು ಕೂತಿದ್ದೆ.

“ಅಣ್ಣ, ಹುಳ ಚೆನ್ನಾಗವೆ. ಜ್ವರಕ್ಕೆ ಕೂತವೆ. ಡಬ್ಬ ತೇವ ಇಳಿಸ್ಕೊಂಡದೆ.”

ಹುಳುಗಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು, ತಲೆಯೆತ್ತಿ ಕದಲದೆ ಕೂರುವುದನ್ನು ಆ ಕಡೆ ಜ್ವರ ಎನ್ನುತ್ತಾರೆ. ಅದು ನನಗೆ ಗೊತ್ತಿತ್ತು. ಆದರೆ ತೇವ ಇಳಿದಿದೆ ಎಂದದ್ದು ಕೇಳಿ ಯುಪಿಎಸ್ ಬಿಟ್ಟು ಎದ್ದುನಿಂತೆ.

“ಇಳಿದಿದ್ಯಾ? ಯಾವಾಗಿಂದ? ಮೋಟಾರ್ ನಿಂತೋಯ್ತಾ? ಆ ಇನ್ನೊಂದು ಕಾರ್ಡ್ ಹಾಕಿ, ನಾನು ಈಗ್ಲೇ ಹೊರಡ್ತೀನಿ.”

“ಅಯ್ಯೋ, ಗಾಬರಿ ಆಗ್ಬೇಡಿ ಅಣ್ಣ. ಜ್ವರದಲ್ಲಿ ತೇವ ಕಮ್ಮಿ ಇರ್ಬೇಕು. ಇಲ್ಲಾಂದ್ರೆ ಪೊರೆ ಬಿಡಲ್ಲ, ಕೆಟ್ಟೋಯ್ತವೆ. ಚಾಕಿ ಕಟ್ಟಿ ಹುಳಾನ ಸೊಪ್ಪಿಗೆ ಬಿಟ್ಟ ದಿನ ಗುಂಡಿ ಒತ್ತುದ್ರೆ ಅದೇ ದಿನ ಎಣಿಸ್ಕೊಂಡು ಹೊತ್ತಿಗೆ ಸರಿಯಾಗಿ ಇಳಿಸ್ತದೆ. ನಿಮಗೆ ಹೇಳಿಲ್ವಾ ಅಕ್ಕ?”

“ಇಲ್ಲಮ್ಮ.”

“ನಮ್ಮನೇಲಿ ಒಂದ್ ಬೆಳೆ ಪೂರ್ತಿ ಇದ್ದು ನೋಡ್ಕೊಂಡ್ ಹೋಗಿದ್ರಲ್ಲ ಅಣ್ಣ, ನಮ್ಮತ್ತೆ ಪಕ್ಕದಲ್ಲೇ ಮಲಗ್ತಿದ್ರು. ಹುಳ ಹೆಂಗ್ ತಲೆ ಎತ್ತುತ್ತವೆ, ಯಾವಾಗ ಸೊಪ್ಪು ಬಿಡ್ತವೆ ಅಂತ ನಮ್ಮತ್ತೆ ಹೇಳಿದ್ದನ್ನೆಲ್ಲ ಬರ್ಕೊಂಡ್ರು. ಅದನ್ನೇ ಇದಕ್ಕೆ ಹಾಕವ್ರೆ.”

ಆ ಹತ್ತು ದಿನ ನನಗೆ ನೆನಪಿತ್ತು. ಅಂಗಡಿಯಲ್ಲಿ ಒಬ್ಬನೇ ಇದ್ದೆ, ಹೋಟೆಲಿನಲ್ಲಿ ತಿನ್ನುತ್ತಿದ್ದೆ, ವಾಪಸ್ ಬಂದ ಮೇಲೆ ಒಂದು ದಿನ ಅವಳ ಮೇಲೆ ಮುನಿಸಿಕೊಂಡಿದ್ದೆ. ಏನು ಮಾಡಿದೆ ಅಷ್ಟು ದಿನ ಎಂದು ಕೇಳಿರಲಿಲ್ಲ.

“ಅದೇನೇನು ಹೇಳಿದ್ರಮ್ಮ ನಿಮ್ಮತ್ತೆ?” ಎಂದೆ.

“ತಡೀರಿ, ಅವ್ರಿಗೇ ಕೊಡ್ತೀನಿ,” ಎಂದು ಆಕೆ ಫೋನನ್ನು ಜಗಲಿಗೆ ಒಯ್ದರು. ನಾನು ಸಾಲ್ಡರಿನ ಸ್ವಿಚ್ ಆರಿಸಿ, ಒಂದು ಕಾಗದ ಎಳೆದುಕೊಂಡೆ.